ಕಲ್ಲಿಗಿಲ್ಲದ ತೂಕ

“ಏ ಮುದುಕ, ನಡುವಿಗೆ ಬಾ. ಅಂಚಿನಲ್ಲಿ ನಿಂತ್ರೆ ತೂಕ ಬರುದಿಲ್ಲ. ದನಕ್ಕೂ ಇಷ್ಟು ಹೇಳ್ಬೇಕಾಗುದಿಲ್ಲ.”

ಕೂಸಪ್ಪ ಚಪ್ಪಲಿ ಕಳಚಿಟ್ಟು ಕಬ್ಬಿಣದ ಹಾಸಿನ ನಡುವಿಗೆ ಬಂದ. ಚಪ್ಪಲಿ ಕಳಚಲು ಯಾರೂ ಹೇಳಿರಲಿಲ್ಲ. ಯಾರಾದರೂ ಗದರಿಸಿದರೆ ಅವನ ಕಾಲು ತಾನಾಗಿ ಚಪ್ಪಲಿಯಿಂದ ಹೊರಗೆ ಬರುತ್ತಿತ್ತು. ಏಪ್ರಿಲ್ ಬಿಸಿಲಿಗೆ ಕಾದ ಕಬ್ಬಿಣ. ಅವನು ಒಂದು ಕಾಲು ಎತ್ತಿದ, ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದ.

“ಕುಣಿಬೇಡ ಮಾರಾಯ. ನಂಬರು ನಿಲ್ಲುದಿಲ್ಲ,” ಎಂದ ಶ್ರವಣ್.

ಅದು ಮೂಡುಬಿದಿರೆ ಪೇಟೆಯ ಹೊರಗೆ ಲಾರಿಗಳನ್ನು ತೂಗುವ ಜಾಗ. ಲಾರಿ ನಿಲ್ಲುವಲ್ಲಿ ಮುದುಕನೊಬ್ಬ ನಿಂತದ್ದನ್ನು ಕಂಡು ಎದುರಿನ ಟಯರ್ ಅಂಗಡಿಯವರು ಹೊರಗೆ ಬಂದರು. ಶ್ರವಣನ ಕೆಂಪು ಕಲ್ಲಿನ ಲಾರಿ ಪಕ್ಕದಲ್ಲಿ ನಿಂತಿತ್ತು. ಡ್ರೈವರ್ ಇದಿನಬ್ಬ ಸ್ಟೇರಿಂಗಿನ ಮೇಲೆ ಕೈಯಿಟ್ಟು ಎದುರಿನ ಗಾಜನ್ನೇ ನೋಡುತ್ತಿದ್ದ. ಲಾರಿಯ ತೂಕವನ್ನು ಕೋಣೆಯೊಳಗಿನವನು ಕೇಳಲಿಲ್ಲ. ಕೇಳಬಾರದ ತೂಕ ಅದು.

ಕೋಣೆಯ ಕಿಟಕಿಯಲ್ಲಿ ಕೆಂಪು ಅಂಕಿ ನಿಂತಿತು.

“ನಲ್ವತ್ತು ಕಿಲೋ. ನಿಂದು ತೊಂದರೆ ಇಲ್ಲ,” ಶ್ರವಣ್ ಮೊಬೈಲಿಗೆ ಒತ್ತಿಕೊಂಡ. “ಇನ್ನೊಬ್ಳು ಬರ್ಲಿ.”

ಬೇಬಿ ನಿಂತಳು. ಅವಳ ಬಳಿಕ ಯಮುನ. ಮದುವೆಯಾಗಿ ವರ್ಷವಾಗದ ಹುಡುಗಿ. ಕಲ್ಲು ಹೊರುವಾಗ ಎಲ್ಲ ಹೆಂಗಸರೂ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ಹಾಕುತ್ತಾರೆ. ಅವಳು ಆ ಅಂಗಿಯ ತುದಿಯನ್ನು ಎರಡೂ ಕೈಯಿಂದ ಕೆಳಗೆ ಎಳೆದು ಹಿಡಿದುಕೊಂಡಳು.

“ಅಂಗಿ ಬಿಚ್ಚಿ ನಿಲ್ಲಿಸಿ ಶ್ರವಣಣ್ಣ, ಸರಿಯಾದ ತೂಕ ಬರ್ತದೆ!” ಎಂದ ಟಯರ್ ಅಂಗಡಿಯವನೊಬ್ಬ. ಅಲ್ಲಿದ್ದವರು ನಕ್ಕರು. ಶ್ರವಣ್ ನಗಲಿಲ್ಲ. ಬಾಯಿ ಮುಚ್ಚು ಎಂದು ಹೇಳಲೂ ಇಲ್ಲ.

ಕೊನೆಗೆ ಕೊರಪೊಲು. ಅವಳು ನಡುವಿಗೆ ಬಂದು ಅಲುಗಾಡದೆ ನಿಂತಳು.

“ಅರುವತ್ತು! ಎಂತ ತಿನ್ತೀ ಮಾರಾಯ್ತಿ ನೀನು? ಓ, ನಿಮ್ಮವ್ರಿಗೆ ಎಲ್ಲ ಆಗ್ತದಲ್ಲ. ಸತ್ತದ್ದೂ ಆಗ್ತದೆ.”

“ಕಲ್ಲು ತಿನ್ನುದು ಧಣಿ,” ಎಂದಳು ಕೊರಪೊಲು. “ನಿಮ್ಮ ಕೋರೆಯದ್ದೇ.”

ಈ ಸಲ ಯಾರೂ ನಗಲಿಲ್ಲ.

ಶ್ರವಣ್ ಮುಂಡಪ್ಪ ಧಣಿಗಳ ಒಬ್ಬನೇ ಮಗ. ಗಲ್ಫಿನಲ್ಲಿ ಯಾವುದೋ ಸಾಗಾಟದ ಕಂಪೆನಿಯಲ್ಲಿದ್ದ. ಅಪ್ಪನ ಮೊಣಕಾಲು ಸೋತಿತೆಂದು ಊರಿಗೆ ಬಂದು ಶಿರ್ತಾಡಿಯ ಮೇಲೆ ಕೆಂಪು ಕಲ್ಲು ಕಡಿಯುವ ಕೋರೆ ಮತ್ತು ಲಾರಿಗಳನ್ನು ಕೈಗೆ ತೆಗೆದುಕೊಂಡ. ಬಂದವನಿಗೆ ಕಂಡದ್ದು ಒಂದೇ: ಲಾರಿಗಳು ಡೀಸೆಲನ್ನು ನೀರಿನ ಹಾಗೆ ಕುಡಿಯುತ್ತವೆ. ಅವನು ಸೋಮಾರಿಯಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಟಯರುಗಳ ಗಾಳಿಯನ್ನು ತಾನೇ ನೋಡುತ್ತಿದ್ದ. ಕೆಂಪು ಧೂಳು ಕಟ್ಟಿದ ಏರ್ ಫಿಲ್ಟರುಗಳನ್ನು ಬದಲಿಸಿದ, ಇಂಜೆಕ್ಟರು ಬಿಚ್ಚಿಸಿ ತೊಳೆಸಿದ. ನಿಂತಲ್ಲಿ ಎಂಜಿನ್ ಆಫ್ ಮಾಡಬೇಕು, ಇಷ್ಟಕ್ಕಿಂತ ವೇಗ ಹೋಗಬಾರದು ಎಂದು ನಿಯಮ ಮಾಡಿದ. ಪ್ರತಿ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಪ್ಪು ಡಬ್ಬಿ ಕುಳಿತಿತು. ಅದಕ್ಕೆ ಕಣ್ಣೂ ಇತ್ತು, ಕಿವಿಯೂ ಇತ್ತು, ಬಾಯಿಯೂ ಇತ್ತು. ಲಾರಿ ಎಲ್ಲಿದೆ, ಎಷ್ಟು ಕುಡಿಯಿತು, ಡ್ರೈವರ್ ಏನು ಮಾಡುತ್ತಿದ್ದಾನೆ ಎಲ್ಲ ಅವನ ಮೊಬೈಲಿಗೆ ಬರುತ್ತಿತ್ತು. ಅಲ್ಲಿಂದ ಅವನ ಮಾತು ಕ್ಯಾಬಿನ್ನಿಗೆ ಬರುತ್ತಿತ್ತು.

ಮೊಬೈಲಿನಲ್ಲಿ ಲಾರಿಯ ಬಣ್ಣ ಕೆಂಪಿನಿಂದ ಹಳದಿಗೆ ಬಂತು. ಹಸಿರಾಗಲಿಲ್ಲ. ಆಗ ಅವನು ಭಾರ ಇಳಿಸಲು ಹೊರಟ. ಎರಡನೆಯ ಸ್ಟೆಪ್ನಿ ಟಯರು ಹೋಯಿತು, ಮರದ ಪೆಟ್ಟಿಗೆ ಹೋಯಿತು, ಆಳುಗಳ ಕುಡಿಯುವ ನೀರಿನ ಕ್ಯಾನು ಹೋಯಿತು. ಆದರೂ ಹಸಿರಾಗಲಿಲ್ಲ. ಇನ್ನು ಲಾರಿಯ ಮೇಲೆ ಉಳಿದದ್ದು ಕಲ್ಲು, ಮತ್ತು ಕಲ್ಲಿನ ಮೇಲೆ ಕುಳಿತು ಹೋಗಿ ಅದನ್ನು ಇಳಿಸಿ ಬರುವ ನಾಲ್ಕು ಜನ.

“ನಾಳೆಯಿಂದ ಲಾರಿಯಲ್ಲಿ ಆಳುಗಳು ಇಲ್ಲ,” ಎಂದ ಶ್ರವಣ್, ಮೊಬೈಲನ್ನು ಕಿಸೆಗೆ ಹಾಕುತ್ತ. “ಲೋಡ್ ಮಾಡಿ, ಬಸ್ಸಿನಲ್ಲಿ ಬನ್ನಿ. ಸೈಟಿಗೆ ಲಾರಿ ಮುಟ್ಟುವಾಗ ನೀವೂ ಮುಟ್ಟಿರ್ಬೇಕು. ನೀವು ನಾಲ್ಕು ಜನ ಹತ್ತಿದ್ರೆ ಒಂದು ಟ್ರಿಪ್ಪಿಗೆ ಎಷ್ಟು ಡೀಸೆಲ್ ಹೆಚ್ಚು ಹೋಗ್ತದೆ ಗೊತ್ತುಂಟಾ ನಿಮ್ಗೆ?”

“ಕಲ್ಲು ಎಷ್ಟು ಉಂಟು ಧಣಿ ಲಾರಿಯಲ್ಲಿ?” ಕೊರಪೊಲು ಕೇಳಿದಳು.

“ಕಲ್ಲು ಬೇರೆ. ಕಲ್ಲು ಬಿಸ್ನೆಸ್ಸು.”

“ಹಾಗಾದ್ರೆ ಕಲ್ಲಿಗೆ ತೂಕ ಇಲ್ಲ. ನಮ್ಗೆ ಮಾತ್ರ ಉಂಟು.”

ಅವನು ಕಾರಿನ ಕಡೆ ತಿರುಗಿದ. “ನಿನ್ನ ಬಾಯಿಯ ತೂಕ ಹಾಕ್ಲಿಲ್ಲ ಇವತ್ತು,” ಎಂದು ಕಾರಿನ ಬಾಗಿಲು ತೆಗೆದ.

*

ಬಸ್ಸಿನವನಿಗೂ ಅವರು ಬೇಡವಾಗಿದ್ದರು. ಕಲ್ಲು ತುಂಬಿಸಿ ಬಂದವರ ತಲೆ, ಕೈ, ಅಂಗಿ, ಕಣ್ಣಿನ ರೆಪ್ಪೆ ಎಲ್ಲ ಕೆಂಪು. “ಹಿಂದೆ ಹೋಗಿ, ಹಿಂದೆ. ಸೀಟು ಮುಟ್ಬೇಡಿ, ಬೇರೆಯವ್ರು ಕೂತ್ಕೊಳ್ಲಿಕ್ಕುಂಟು,” ಎಂದ ಕಂಡಕ್ಟರ್. ಖಾಲಿ ಸೀಟುಗಳ ನಡುವೆ ಅವರು ಕಂಬ ಹಿಡಿದು ನಿಂತು ಬಂಟ್ವಾಳದವರೆಗೆ ಹೋಗುತ್ತಿದ್ದರು. ಅಲ್ಲಿಂದ ಇನ್ನೊಂದು ಬಸ್ಸು. ಮನೆ ಕಟ್ಟುವವರು ಯಾರೂ ಬಸ್‌ಸ್ಟಾಪಿನ ಪಕ್ಕದಲ್ಲಿ ಕಟ್ಟುವುದಿಲ್ಲ. ಬಸ್ಸಿಳಿದ ಮೇಲೆ ನಡಿಗೆ. ತಡವಾಗಿ ಮುಟ್ಟಿದರೆ ಸೈಟಿನ ಮೇಸ್ತ್ರಿಯ ಬೈಗುಳ, ಡಬ್ಬಿಯೊಳಗಿಂದ ಶ್ರವಣನ ಬೈಗುಳ.

ಕೂಸಪ್ಪ ಕೊರಪೊಲುವಿನ ತಾಯಿಯ ತಮ್ಮ. ಅವಳ ಗಂಡ ಸತ್ತ ವರ್ಷ ಅವಳನ್ನು ಕೋರೆಗೆ ಕರೆತಂದು, ಕಲ್ಲನ್ನು ಬೆನ್ನಿನಿಂದಲ್ಲ, ಮೊಣಕಾಲಿನ ಬಲದಿಂದ ಎತ್ತಬೇಕು ಎಂದು ಕಲಿಸಿದವನು. ಈಗ ಅವನು ಕಲ್ಲನ್ನು ಎತ್ತುತ್ತಿದ್ದ, ಇಳಿಸುತ್ತಿದ್ದ. ಆದರೆ ನಡೆಯಲು ಆಗುತ್ತಿರಲಿಲ್ಲ. ಹಿಂದೊಮ್ಮೆ ಕಲ್ಲು ಬಿದ್ದ ಎಡ ಪಾದ ಸಂಜೆಯ ಹೊತ್ತಿಗೆ ಊದಿ ಚಪ್ಪಲಿಯ ಹೊರಗೆ ಬರುತ್ತಿತ್ತು.

“ಮಾವ, ನೀನು ಕೋರೆಯಲ್ಲೇ ಇರು. ಇಳಿಸುದು ನಾವು ಮಾಡ್ತೇವೆ,” ಎಂದಳು ಅವಳು.

“ಕೋರೆಯಲ್ಲಿ ಕೂತ್ರೆ ಅರ್ಧ ಆಳು ಅಂತ ಮಾಡ್ತಾನೆ ಅವ. ಮತ್ತೆ ಅರ್ಧವೂ ಬೇಡ ಅಂತಾನೆ. ನಡೀ ನೀನು.”

ಒಂದು ದಿನ ಸೈಟು ಇದ್ದದ್ದು ಫರಂಗಿಪೇಟೆಯಲ್ಲಿ, ಹೆದ್ದಾರಿಯಿಂದ ಮೇಲಕ್ಕೆ ಏರುವ ದಾರಿಯ ತುದಿಯಲ್ಲಿ. ನಡುಮಧ್ಯಾಹ್ನ. ಕಾಂಕ್ರೀಟ್ ರಸ್ತೆಯಿಂದ ಬಿಸಿ ಮುಖಕ್ಕೆ ರಾಚುತ್ತಿತ್ತು. ಕೂಸಪ್ಪ ಹತ್ತು ಹೆಜ್ಜೆ ನಡೆದು ನಿಲ್ಲುತ್ತಿದ್ದ, ನಿಂತು ನಗುತ್ತಿದ್ದ. “ನೀವು ಹೋಗಿ, ನಾನು ಬಂದೆ,” ಎನ್ನುತ್ತಿದ್ದ. ಯಮುನ ಅವನ ಕಂಕುಳಿಗೆ ಭುಜ ಕೊಟ್ಟಳು.

ಹಿಂದಿನಿಂದ ಲಾರಿಯ ಸ್ವರ ಕೇಳಿಸಿತು. ತಮ್ಮದೇ ಲಾರಿ. ಏರಿಗೆ ಏದುಸಿರು ಬಿಡುತ್ತ ಬಂದು, ಅವರನ್ನು ದಾಟಿ, ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಇದಿನಬ್ಬ ಕ್ಯಾಬಿನ್ನಿನ ಬಾಗಿಲು ತೆಗೆದ.

“ಹತ್ತಿಸಿ ಮಾರಾಯ್ತಿ ಅವನನ್ನು. ಬೇಗ, ಬೇಗ.”

ಬೇಬಿಯೂ ಕೊರಪೊಲುವೂ ಸೇರಿ ಮುದುಕನನ್ನು ಎತ್ತಿ ಸೀಟಿಗೆ ಕೂರಿಸಿದರು. ಕೂಸಪ್ಪ ಸೀಟಿಗೆ ಬೆನ್ನು ತಾಗಿಸಿ ಕಣ್ಣು ಮುಚ್ಚಿದ. ಲಾರಿ ಅರ್ಧ ಚಕ್ರ ಉರುಳಿತೋ ಇಲ್ಲವೋ, ಡಬ್ಬಿ ಮಾತಾಡಿತು.

“ಇದಿನಬ್ಬ, ಕ್ಯಾಬಿನ್‌ನಲ್ಲಿ ಯಾರದು?”

ಕೂಸಪ್ಪ ಬೆಚ್ಚಿಬಿದ್ದು ಆಚೀಚೆ ನೋಡಿದ. ಮನುಷ್ಯ ಇಲ್ಲ, ಸ್ವರ ಉಂಟು.

“ಕೂಸಪ್ಪ ಧಣಿ. ಕಾಲು ಊದಿದೆ. ಇಲ್ಲೇ, ಮೇಲೆ ಸೈಟು...”

“ಏರಿನಲ್ಲಿ ನಿಲ್ಲಿಸ್ತೀಯಾ ನೀನು? ಫುಲ್ ಲೋಡಿನಲ್ಲಿ? ನಿಂತಲ್ಲಿಂದ ಅಷ್ಟು ಭಾರ ಎತ್ಲಿಕ್ಕೆ ಎಂಜಿನ್ ಎಷ್ಟು ಕುಡೀತದೆ ಗೊತ್ತುಂಟಾ? ತಿಂಗಳಿಡೀ ಉಳಿಸಿದ್ದನ್ನು ಒಂದು ಬ್ರೇಕಿನಲ್ಲಿ ತೆಗೀತೀಯಲ್ಲ ಬೋಳಿಮಗನೇ.”

“ಮುದುಕ ಧಣಿ, ಬಿಸಿಲು...”

“ಇಳಿಸು. ಇವತ್ತು ಒಬ್ಬ, ನಾಳೆ ನಾಲ್ಕು ಜನ. ಇಳಿಸು ಅಂದೆ.” ಡಬ್ಬಿ ಮತ್ತೆ ಮಾತಾಡಿತು, ಈ ಸಲ ತಣ್ಣಗೆ. “ಈಗಿನ ಕಾಲದಲ್ಲಿ ನಿಮ್ಮ ಜಾತಿಯವ್ರನ್ನು ಕೆಲ್ಸಕ್ಕೆ ಇಟ್ಕೊಳ್ಳುವವರು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ಯೋಚ್ನೆ ಮಾಡು, ಇದಿನಬ್ಬ.”

ಇದಿನಬ್ಬ ಬ್ರೇಕ್ ಒತ್ತಿದ. ಬಾಗಿಲಿನ ಹೊರಗೆ ಹೆಂಗಸರು ಎಲ್ಲ ಕೇಳುತ್ತಿದ್ದರು. ಅವನು ಯಾರ ಮುಖವನ್ನೂ ನೋಡಲಿಲ್ಲ. ಮುದುಕನೇ ಅವನ ತೊಡೆ ತಟ್ಟಿದ.

“ಇಳೀತೇನೆ ಮಾರಾಯ. ನೀನು ಬೇಜಾರ ಮಾಡ್ಬೇಡ. ಮಕ್ಕಳುಮರಿ ಇದ್ದವ ನೀನು.”

“ನಿಲ್ಲು ಮಾವ, ನಾನು ಹಿಡೀತೇನೆ!” ಕೊರಪೊಲು ಓಡಿ ಬರುವಷ್ಟರಲ್ಲಿ ಅವನು ಊದಿದ ಕಾಲನ್ನೇ ಮೊದಲು ಮೆಟ್ಟಿಲಿಗಿಟ್ಟ. ಲಾರಿಯ ಮೆಟ್ಟಿಲು ಎತ್ತರ. ಕಾಲು ಜಾರಿತು. ಅವನು ಪಕ್ಕಕ್ಕೆ ತಿರುಗಿ ಕಾಂಕ್ರೀಟಿನ ಮೇಲೆ ಬಿದ್ದ. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಕೂಸಪ್ಪ ಕೂಗಲಿಲ್ಲ. ಬಾಯಿ ತೆರೆದಿತ್ತು, ಸ್ವರ ಬರಲಿಲ್ಲ.

ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಲೇ ಇದ್ದ. ಡಬ್ಬಿ, “ಎಂಜಿನ್ ಆಫ್ ಮಾಡು, ಇಲ್ಲಾಂದ್ರೆ ಹೋಗು. ಸುಮ್ನೆ ಉರಿಸ್ಬೇಡ,” ಎಂದಿತು.

ಇದಿನಬ್ಬ ಹೋದ.

*

ಸೊಂಟದ ಎಲುಬು ಮುರಿದಿತ್ತು. ಸರಕಾರಿ ಆಸ್ಪತ್ರೆಯ ಮಂಚದಲ್ಲಿ ಕೂಸಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆಪರೇಶನ್ ಆಗಬೇಕು, ಆದರೂ ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದರು ಡಾಕ್ಟರು.

ಸಂಜೆ ಶ್ರವಣ್ ಸೇಬಿನ ಚೀಲ ಹಿಡಿದುಕೊಂಡು ಬಂದ. ಅವನ ಮುಖದಲ್ಲಿ ನಿಜವಾಗಿಯೂ ಗಾಬರಿಯಿತ್ತು. ಕೊರಪೊಲುವನ್ನು ವರಾಂಡಕ್ಕೆ ಕರೆದ.

“ನೋಡು, ಆಸ್ಪತ್ರೆಯವರು ಪೊಲೀಸರಿಗೆ ಹೇಳ್ತಾರೆ. ಬಸ್ಸಿನಿಂದ ಇಳಿವಾಗ ಬಿದ್ದದ್ದು ಅಂತ ಹೇಳುವ. ಲಾರಿ ಅಂತ ಬಂದ್ರೆ ಇನ್ಶೂರೆನ್ಸಿನಲ್ಲಿ ತಕರಾರು, ಇದಿನಬ್ಬನ ಲೈಸೆನ್ಸಿಗೂ ತೊಂದರೆ. ನಾನು ಎಲ್ಲ ನೋಡ್ಕೊಳ್ತೇನೆ.”

“ನೀವು ಇಳಿಸು ಅಂದದ್ದು, ಅವ ಬಿದ್ದದ್ದು.”

“ಜಾಗ್ರತೆಯಲ್ಲಿ ಇಳೀಬೇಕು ಅಂತ ನಾನು ಹೇಳ್ಬೇಕಾ? ಚಿಕ್ಕ ಮಗುವಾ ಅವ?”

ಕೊರಪೊಲು ಅವನಿಗೆ ಬೆನ್ನು ಹಾಕಿದಳು. ನೇರ ಒಳಗೆ ಹೋಗಿ, ಬರೆಯುತ್ತಿದ್ದ ಡಾಕ್ಟರ ಮುಂದೆ ನಿಂತು, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು. “ಡಾಕ್ಟ್ರೇ, ಬರ್ಕೊಳ್ಳಿ. ಲಾರಿಯಿಂದ ಇಳಿಸಿದ್ದು. ಡೀಸೆಲ್ ಹೆಚ್ಚು ಹೋಗ್ತದೆ ಅಂತ ಏರಿನಲ್ಲಿ ಇಳಿಸಿದ್ದು.”

ಡಾಕ್ಟರು ತಲೆಯೆತ್ತಿ ಬಾಗಿಲ ಬಳಿ ನಿಂತಿದ್ದ ಶ್ರವಣನನ್ನು ನೋಡಿದರು. ಅವನು ಸೇಬಿನ ಚೀಲವನ್ನು ಮಂಚದ ಕೆಳಗಿಟ್ಟು ಹೊರಟುಹೋದ.

“ಎಂತಕ್ಕೆ ಹೇಳಿದೆ ನೀನು?” ಕೂಸಪ್ಪ ಗೋಡೆಗೇ ಹೇಳಿದ. “ನಾಳೆ ನಿನ್ಗೂ ಕೆಲ್ಸ ಇಲ್ಲ.”

“ಇಲ್ಲದಿದ್ರೆ ಇಲ್ಲ.”

ಆಮೇಲೆ ಅವನು ಕೇಳಿದ. “ನಾನು ಬಿದ್ದಾಗ ಹೆಂಗಸ್ರೆಲ್ಲ ನೋಡಿದ್ರಾ? ಮುಂಡು ಜಾರಿತ್ತು ನಂದು.”

ಕೊರಪೊಲು ಅವನ ತಲೆಗೆ ಕೈಯಿಟ್ಟಳು. ಅವಳಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅತ್ತು ಮುಗಿದ ಮೇಲೆ ಅವಳಿಗೆ ಏನು ಮಾಡಬೇಕೆಂದು ಗೊತ್ತಾಗಿತ್ತು.

*

ಮೂರನೆಯ ದಿನ ಕೋರೆಗೆ ಹೋದ ಅವಳನ್ನು ಯಾರೂ ಬರಬೇಡ ಎನ್ನಲಿಲ್ಲ. ಕಲ್ಲಿಗೆ ಬೇಡಿಕೆಯಿತ್ತು. “ಮುದುಕನ ಪಾಲೂ ನೀವು ಮೂವರೇ ತುಂಬಿಸ್ಬೇಕಂತೆ,” ಎಂದ ಕೋರೆಯ ರೈಟರು ನಿತೇಶ್, ನೆಲ ನೋಡುತ್ತ. ಅವರು ತುಂಬಿಸಿದರು. ಲಾರಿಯ ಪಕ್ಕದ ಹಲಗೆಯ ಪಟ್ಟಿಗಿಂತ ಮೇಲೆ ಕಲ್ಲಿನ ಎರಡು ವರಸೆ ಎದ್ದಿತು. ಟಯರುಗಳು ಹೊಟ್ಟೆ ಉಬ್ಬಿಸಿಕೊಂಡವು.

ಹಗ್ಗ ಬಿಗಿದು ಮುಗಿದ ಮೇಲೆ ಕೊರಪೊಲು ಕೆಳಗೆ ಇಳಿಯಲಿಲ್ಲ. ಯಮುನ, ಬೇಬಿ ಕೂಡ ಕಲ್ಲಿನ ಮೇಲೆ ಕುಳಿತೇ ಇದ್ದರು. ಇದಿನಬ್ಬ ಕೆಳಗೆ ಬಂದು ನಿಂತ. ಎರಡು ದಿನದಿಂದ ಅವನು ಗಡ್ಡ ಸರಿಮಾಡಿರಲಿಲ್ಲ.

“ಕೂಸಪ್ಪಣ್ಣ ಹೇಗಿದ್ದಾನೆ?”

“ಹೋಗಿ ನೋಡು.”

“ಯಾವ ಮುಖದಲ್ಲಿ ಹೋಗ್ಲಿ ಕೊರಪೊಲು? ಅಲ್ಲಾಹನಾಣೆ, ಆ ಹೊತ್ತಿಗೆ ನನ್ಗೆ...”

“ಗೊತ್ತುಂಟು. ನಿಂಗೆ ಅವ ಹೇಳಿದ್ದೂ ಕೇಳಿದ್ದೇವೆ ನಾವು. ಆದ್ರೆ ಬ್ರೇಕು ನಿನ್ನ ಕಾಲಡಿಯಲ್ಲಿ ಇತ್ತು.” ಅವಳು ಮೇಲಿನಿಂದ ನೇರ ಅವನನ್ನು ನೋಡಿದಳು. “ಇವತ್ತು ಧಣಿಯ ಗೇಟಿನ ಮುಂದೆ ಒಮ್ಮೆ ನಿಲ್ಲಿಸು. ನಾವು ಇಳೀಲಿಕ್ಕಲ್ಲ.”

“ನನ್ನ ಕೆಲ್ಸ ಹೋಗ್ತದೆ.”

“ಹೋಗ್ತದೆ.”

ಅವನು ಲಾರಿಯ ಬಾಗಿಲು ತೆಗೆದ. ಆಮೇಲೆ ಕ್ಯಾಬಿನ್ನಿಗೆ ಹತ್ತಿ, ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಡಬ್ಬಿಯ ಕಣ್ಣಿನ ಮೇಲೆ ಹೊದಿಸಿದ.

ಮುಂಡಪ್ಪ ಧಣಿಗಳ ಮನೆ ಶಿರ್ತಾಡಿಯ ರಸ್ತೆಯ ಪಕ್ಕದಲ್ಲೇ. ದೊಡ್ಡ ಗೇಟು, ಗೇಟಿನ ಒಳಗೆ ಹೊರಡಲು ಸಿದ್ಧವಾದ ಕಾರು, ಕಾರಿನಲ್ಲಿ ರೇಷ್ಮೆ ಸೀರೆಯುಟ್ಟ ಧಣಿಗಳ ಹೆಂಡತಿ ಪ್ರಫುಲ್ಲಕ್ಕ. ಯಾವುದೋ ಮದುವೆಗಿರಬೇಕು. ಲಾರಿ ಗೇಟಿಗೆ ಅಡ್ಡ ನಿಂತಿತು. ಕಲ್ಲಿನ ಮೇಲಿಂದ ಕೊರಪೊಲು ಹಗ್ಗ ಸಡಿಲಿಸಿ ಒಂದು ಕಲ್ಲು ಎತ್ತಿ ಕೆಳಗೆ ಹಾಕಿದಳು. ಕಲ್ಲು ಗೇಟಿನ ಎದುರಿನ ಮಣ್ಣಿನಲ್ಲಿ ಕಂತಿ ನಿಂತಿತು. ಇನ್ನೊಂದು ಹಾಕಿದಳು.

“ನಂದಾಯ್ತು. ಯಮುನ, ನಿಂದು.”

ಯಮುನ ಎರಡು ಹಾಕಿದಳು. ಬೇಬಿ ಎರಡು ಹಾಕಿದಳು. ಕಾರಿನವನು ಹಾರ್ನ್ ಒತ್ತಿದ. ಮುಂಡಪ್ಪ ಧಣಿಗಳು ಊರುಗೋಲು ಹಿಡಿದು ಜಗಲಿಯಿಂದ ಇಳಿದು ಬಂದರು.

“ಎಂತದಾ ಇದು? ಯಾರಾ ನನ್ನ ಗೇಟಿಗೆ ಕಲ್ಲು ಹಾಕುದು?”

“ಕೂಸಪ್ಪಜ್ಜನದ್ದು?” ಯಮುನ ಕೇಳಿದಳು, ಧಣಿಗಳ ಕಡೆ ನೋಡದೆ.

“ಅವನದ್ದೂ ಹಾಕು. ಅವ ಬರ್ತಾನೆ.” ಕೊರಪೊಲು ಬೆವರು ಒರಸಿಕೊಂಡಳು. “ಇದು ನಮ್ಮ ತೂಕ ಧಣಿ. ನಿಮ್ಮ ಮಗ ಮೂಡುಬಿದಿರೆಯಲ್ಲಿ ಎಲ್ಲರ ಎದುರು ಹಾಕಿಸಿದ್ದು. ಲಾರಿಗೆ ನಾವು ಭಾರ ಅಂತೆ. ಅದಕ್ಕೆ ಅಷ್ಟು ಭಾರ ಇಲ್ಲಿ ಇಳಿಸಿ, ನಾವು ಹತ್ತಿ ಹೋಗ್ತೇವೆ. ದಿನಾ ಹೀಗೇ.”

ಎಂಟೇ ಕಲ್ಲು. ಲಾರಿಯ ಮೇಲೆ ಕಡಿಮೆಯಾದದ್ದು ಕಣ್ಣಿಗೂ ಕಾಣುತ್ತಿರಲಿಲ್ಲ.

ಮುಂಡಪ್ಪ ಧಣಿಗಳು ಊರುಗೋಲನ್ನು ನೆಲಕ್ಕೆ ಕುಟ್ಟಿದರು. “ನಿನ್ನ ಅಜ್ಜ ಈ ದಾರಿಯಲ್ಲಿ ನಮ್ಮನ್ನು ಕಂಡ್ರೆ ದಾರಿ ಬಿಟ್ಟು ತೋಡಿನ ನೀರಿಗೆ ಇಳೀತಿದ್ದ. ಗೊತ್ತುಂಟಾ ನಿಂಗೆ?”

“ಗೊತ್ತುಂಟು. ಅವ ಇಳಿದ. ಮೊನ್ನೆ ನನ್ನ ಮಾವನೂ ಇಳಿದ. ಇಳಿದು ಇಳಿದು ಸೊಂಟ ಮುರೀತು ಧಣಿ. ಇನ್ನು ಇಳಿಯುದಿಲ್ಲ.”

“ಬೇವರ್ಸಿ ರಂಡೆ! ಯಾರ ಹತ್ರ ಮಾತಾಡ್ತಿದ್ದೀ?”

ಅಲ್ಲಿಯವರೆಗೆ ಬಾಯಿಬಿಡದಿದ್ದ ಬೇಬಿ ಎದ್ದು ನಿಂತಳು. ಅವಳು ಮೆಲುದನಿಯವಳು, ಅವಳ ಕೂಗು ಅವಳಿಗೇ ಹೊಸತು. “ಯಾರನ್ನು ಹೇಳುದು ರಂಡೆ ಅಂತ? ಟಾರ್ಚು ಹಿಡ್ಕೊಂಡು ನಮ್ಮ ಕಾಲೊನಿಗೆ ಬರ್ತಿದ್ದದ್ದು ನಿಮ್ಮ ಅಣ್ಣನಾ, ನಿಮ್ಮ ಮನೆಗೆ ನಾವಾ?”

ಕಾರಿನ ಕಿಟಕಿ ಗಾಜು ಮೆಲ್ಲಗೆ ಮೇಲೇರಿತು. ಇದಿನಬ್ಬ ಗೇರ್ ಹಾಕಿದ.

*

ಸಿದ್ದಕಟ್ಟೆ ದಾಟುವ ಮೊದಲೇ ಶ್ರವಣನ ಕಾರು ಹಿಂದಿನಿಂದ ಬಂದು ಲಾರಿಗೆ ಅಡ್ಡ ನಿಂತಿತು. ಅದರ ಹಿಂದೆಯೇ ಪೊಲೀಸ್ ಜೀಪು. ಲಾರಿಯ ಹಿಂದೆ ಒಂದು ಬಸ್ಸು, ಎರಡು ರಿಕ್ಷಾ, ಮೀನಿನ ಟೆಂಪೊ ನಿಂತವು. ಬಸ್ಸಿನವರು ತಲೆ ಹೊರಗೆ ಹಾಕಿದರು.

ಜೀಪಿನಿಂದ ಇಳಿದ ಪೊಲೀಸ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. “ಏ, ಗೂಡ್ಸ್ ಗಾಡಿಯಲ್ಲಿ ಜನ ಕೂರುವ ಹಾಗಿಲ್ಲ. ಕಾನೂನು ಗೊತ್ತಿಲ್ವ? ಇಳೀರಿ ಕೆಳಗೆ.”

“ಗೊತ್ತುಂಟು ಸಾರ್,” ಎಂದಳು ಕೊರಪೊಲು. ಪೊಲೀಸರ ಜೊತೆ ಅವಳು ಹೀಗೆ ಮಾತಾಡಿದವಳಲ್ಲ. “ಕೇಸು ಬರೀರಿ. ನಮ್ಮನ್ನೂ ತಕೊಂಡು ಹೋಗಿ, ಲಾರಿಯನ್ನೂ ತಕೊಂಡು ಹೋಗಿ. ಕಲ್ಲು ಎಷ್ಟು ಹಾಕ್ಬೇಕು ಅಂತ್ಲೂ ಕಾನೂನು ಉಂಟಲ್ಲ? ಎರಡೂ ಒಟ್ಟಿಗೆ ಬರೀರಿ.”

ಪೊಲೀಸ ಉಬ್ಬಿದ ಟಯರುಗಳನ್ನು ನೋಡಿದ, ಪಟ್ಟಿಯ ಮೇಲೆದ್ದ ಕಲ್ಲಿನ ವರಸೆ ನೋಡಿದ, ಶ್ರವಣನ ಮುಖ ನೋಡಿದ.

“ಬಿಡಿ ಸಾರ್,” ಎಂದ ಶ್ರವಣ್ ತಗ್ಗಿದ ಸ್ವರದಲ್ಲಿ. “ನಾನು ನೋಡ್ಕೊಳ್ತೇನೆ.”

“ಕರೆದದ್ದು ನೀವೇ ಅಲ್ವ ಮಾರಾಯ್ರೆ?”

ಬಸ್ಸಿನಲ್ಲಿ ಯಾರೋ ನಕ್ಕರು. ಶ್ರವಣನ ಕಿವಿ ಕೆಂಪಾಯಿತು. ಅವನು ಲಾರಿಯ ಕಿಟಕಿಯ ಕೆಳಗೆ ಹೋಗಿ ಕೈ ಚಾಚಿದ. “ಕೀ ಕೊಡು ಇದಿನಬ್ಬ. ನಿನ್ನ ಕೆಲ್ಸ ಇಲ್ಲಿಗೆ ಮುಗೀತು. ಇನ್ನು ಯಾವ ಲಾರಿಯ ಸ್ಟೇರಿಂಗು ಮುಟ್ತೀ ನೋಡ್ತೇನೆ ನಾನು.”

“ಕೊಡ್ತೇನೆ ಧಣಿ. ಕಲ್ಲು ಮೆಲ್ಕಾರಿಗೆ ಮುಟ್ಟಿಸಿ, ಇವರನ್ನು ಹಿಂದೆ ತಂದು ಬಿಟ್ಟು, ಆಮೇಲೆ ಕೊಡ್ತೇನೆ. ಈಗಲೇ ಬೇಕಾದ್ರೆ ಹತ್ತಿ, ನೀವೇ ಓಡ್ಸಿ. ಇವ್ರು ಮಾತ್ರ ಮೇಲೆಯೇ ಇರ್ತಾರೆ.” ಇದಿನಬ್ಬ ಕೈಯನ್ನು ಗೇರಿನ ಮೇಲಿಟ್ಟು ಅದುಮಿ ಹಿಡಿದ. “ಆ ದಿನ ನೀವು ಹೇಳಿದ್ದು ಯೋಚ್ನೆ ಮಾಡಿದೆ ನಾನು. ನನ್ನನ್ನು ಇಟ್ಕೊಳ್ಳುವವರು ಇಲ್ಲದೆ ಇರ್ಬಹುದು. ಮುದುಕನನ್ನು ಇಳಿಸಿದವ ಅಂತ ಇನ್ನೊಮ್ಮೆ ಆಗುದು ಬೇಡ ನನ್ಗೆ.”

ಬಸ್ಸು ಹಾರ್ನ್ ಮಾಡಿತು. ಮೀನಿನ ಟೆಂಪೊದವನು ಕೆಳಗಿಳಿದು, “ಐಸು ಕರಗ್ತಾ ಉಂಟು ಸ್ವಾಮಿ, ನಿಮ್ಮ ಕಾರು ತೆಗೀರಿ!” ಎಂದು ಕೂಗಿದ. ಪೊಲೀಸನೂ ಕೈ ಬೀಸಿದ, ಲಾರಿಗಲ್ಲ, ಕಾರಿಗೆ. ಶ್ರವಣ್ ಒಮ್ಮೆ ಮೇಲೆ ನೋಡಿದ. ಮೂವರೂ ಅವನನ್ನೇ ನೋಡುತ್ತಿದ್ದರು.

“ನಾಳೆ ಕೋರೆಗೆ ಕಾಲಿಡ್ಬೇಡಿ ನೀವು.”

“ನಾಳೆ ಬರ್ತೇವೆ,” ಎಂದಳು ಕೊರಪೊಲು.

ಕಾರು ಹಿಂದೆ ಸರಿಯಿತು.

ಲಾರಿ ಬಂಟ್ವಾಳ ದಾಟಿತು. ನೇತ್ರಾವತಿಯ ಸೇತುವೆಯ ಮೇಲೆ ಗಾಳಿ ಬಂದು ಯಮುನಳ ತಲೆಯ ಬಟ್ಟೆ ಹಾರಿತು. ಅವಳು ಅದನ್ನು ಹಿಡಿದುಕೊಂಡು ನಕ್ಕಳು, ಮತ್ತೆ ನಗಬಾರದಿತ್ತೇನೋ ಎಂಬಂತೆ ಬೇಬಿಯನ್ನು ನೋಡಿದಳು. ಬೇಬಿಯೂ ನಗುತ್ತಿದ್ದಳು.

ಮೆಲ್ಕಾರಿನಿಂದ ಒಳದಾರಿಗೆ ತಿರುಗಿದಾಗ ಮುಂದೆ ಐದಾರು ಜನ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ತಲೆಗೆ ಸಿಮೆಂಟಿನ ಖಾಲಿ ಚೀಲ, ಮೈತುಂಬ ಕೆಂಪು ಧೂಳು. ಶ್ರವಣನ ಇನ್ನೊಂದು ಲಾರಿಯ ಆಳುಗಳು, ಗದಗದ ಕಡೆಯಿಂದ ಬಂದವರು. ಬಸ್ಸಿಳಿದು ತಮ್ಮ ಸೈಟಿಗೆ ಹೊರಟಿದ್ದರು. ಏರು ಅಲ್ಲಿಂದಲೇ ಸುರುವಾಗುತ್ತಿತ್ತು. ಕೊರಪೊಲು ಕ್ಯಾಬಿನ್ನಿನ ತಗಡಿಗೆ ಅಂಗೈಯಿಂದ ಬಡಿದಳು.

ಇದಿನಬ್ಬ ಏರಿನಲ್ಲೇ ನಿಲ್ಲಿಸಿದ.

“ಹತ್ತಿ,” ಎಂದಳು ಕೊರಪೊಲು ಕೆಳಗೆ ಬಗ್ಗಿ.

ಮುಂದಿದ್ದ ಹೆಂಗಸು ಸಂಶಯದಿಂದ ನೋಡಿದಳು. “ಬ್ಯಾಡ್ರೀ ಯಕ್ಕಾ. ಸಾವ್ಕಾರ ಬೈತಾನ. ಲಾರಿಗೆ ಎಣ್ಣಿ ಭಾಳ ಹತ್ತತೈತಂತ.”

“ಹತ್ಲಿ. ನೀನು ಕೈ ಕೊಡು.”

ಆ ಹೆಂಗಸು ತನ್ನವರ ಕಡೆ ತಿರುಗಿ ನೋಡಿದಳು. ಬಿಸಿಲು ನೆತ್ತಿಯ ಮೇಲಿತ್ತು. ಅವಳು ಚಕ್ರದ ಮೇಲೆ ಕಾಲಿಟ್ಟು ಕೈ ಚಾಚಿದಳು. ಕೊರಪೊಲು ಅದನ್ನು ಹಿಡಿದು ಎಳೆದುಕೊಂಡಳು. ಆಮೇಲೆ ಒಬ್ಬ ಹತ್ತಿದ, ಇನ್ನೊಬ್ಬಳು ಹತ್ತಿದಳು, ಉಳಿದವರೂ ಹತ್ತಿದರು. ಕ್ಯಾಬಿನ್ನಿನೊಳಗೆ ಡಬ್ಬಿ ಏನೋ ಹೇಳುತ್ತಲೇ ಇತ್ತು. ಇದಿನಬ್ಬ ಒಂದನೆಯ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ. ಎಂಜಿನ್ ದೊಡ್ಡ ಸ್ವರ ತೆಗೆಯಿತು. ಒಂದು ಗಳಿಗೆ ಲಾರಿ ಹಿಂದಕ್ಕೆ ಸರಿಯುವಂತೆ ನಡುಗಿ, ಆಮೇಲೆ ಅಷ್ಟೂ ಕಲ್ಲನ್ನು, ಅಷ್ಟೂ ಜನರನ್ನು ಎತ್ತಿಕೊಂಡು ಏರು ಹತ್ತತೊಡಗಿತು.